ನಿಧಿಯಿಂದ ಬೇರಾದ ನಾಣ್ಯ

ಸಂಗ್ರಾಹಕ: ಸರ್, ಈ ಬೆಳ್ಳಿ ತುಣುಕಿನ ಮೇಲೆ ಐದು ಮುದ್ರೆಗಳಿವೆ. ಸೂರ್ಯ, ಆರು ತೋಳಿನ ಚಕ್ರ, ನೆತ್ತಿಯಲ್ಲಿ ಅರ್ಧಚಂದ್ರವಿರುವ ಮೂರು ಕಮಾನಿನ ಬೆಟ್ಟ ಸ್ಪಷ್ಟವಾಗಿ ಕಾಣುತ್ತವೆ. ತೂಕ ಮೂರು ಗ್ರಾಮಿಗೆ ತುಸು ಹೆಚ್ಚು. ಮೌರ್ಯರ ಕಾಲದ, ಒಂದೊಂದೇ ಅಚ್ಚು ಒತ್ತಿ ಮಾಡಿದ ಪಂಚ್‌ಮಾರ್ಕ್ ನಾಣ್ಯ ಎಂದು ಗುರುತಿಸಿದ್ದೇನೆ. ಇನ್ನೇನು ಬೇಕು?

ಮಾಸ್ತರರು: ಇದು ಎಲ್ಲಿ ಸಿಕ್ಕಿತು, ತಮ್ಮಾ?

ಸಂಗ್ರಾಹಕ: ಇಲ್ಲೇ ಪುಣೆಯಲ್ಲಿ ಕೊಂಡದ್ದು. ಮೂಲ ಯಾವುದೆಂದು ಮಾರಿದವರು ಹೇಳಲಿಲ್ಲ.

ಮಾಸ್ತರರು: ಹಾಗಿದ್ದರೆ ಇದರ ಅರ್ಧ ಸಾಕ್ಷ್ಯ ಹೋಯಿತು. ಇದರ ಮೇಲೆ ರಾಜನ ಹೆಸರಿಲ್ಲ, ಇಸವಿಯಿಲ್ಲ. ನೀನು ಕಾಲ ಹೇಳಿದ್ದು ಪುಸ್ತಕ ನೋಡಿ. ಪುಸ್ತಕ ಬರೆದವರಿಗೆ ಅದು ತಿಳಿದದ್ದು ನಿಧಿಗಳಿಂದ. 1924ರಲ್ಲಿ ತಕ್ಷಶಿಲೆಯ ಭೀರ್ ದಿಬ್ಬದಲ್ಲಿ ಸಾವಿರಕ್ಕೂ ಮಿಕ್ಕಿದ ಬೆಳ್ಳಿ ನಾಣ್ಯಗಳು ಒಟ್ಟಿಗೆ ಸಿಕ್ಕವು. ಅವುಗಳ ನಡುವೆ ಅಲೆಕ್ಸಾಂಡರನ ಎರಡು, ಅವನ ನಂತರ ಪಟ್ಟಕ್ಕೇರಿದ ಫಿಲಿಪ್ ಅರಿಡಿಯಸನ ಒಂದು ನಾಣ್ಯವಿದ್ದವು, ಮೂರೂ ಸವೆದಿರಲಿಲ್ಲ. ಆದ್ದರಿಂದ ಆ ನಿಧಿಯನ್ನು ಕ್ರಿ.ಪೂ. 4ನೇ ಶತಮಾನದ ಕೊನೆಯ ಸುಮಾರಿಗೆ ಹೂತಿಟ್ಟರೆಂದು ಹೇಳಲು ಬಂತು. ಅದರಲ್ಲಿದ್ದ ಬಗೆಗಳೆಲ್ಲ ಅದಕ್ಕಿಂತ ಹಿಂದಿನವು ಇಲ್ಲವೆ ಅದೇ ಕಾಲದವು ಎಂದಾಯಿತು. ಆ ಮೂರನ್ನು ಯಾರಾದರೂ ಚಂದ ಕಂಡವೆಂದು ಮೊದಲೇ ಎತ್ತಿಕೊಂಡಿದ್ದರೆ ಉಳಿದ ಸಾವಿರವೂ ಮೂಕವಾಗಿ ಉಳಿಯುತ್ತಿದ್ದವು. ಇನ್ನು ನಮ್ಮ ಪುಣೆಯ ಮಾತು. ಫರ್ಗ್ಯೂಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ದಾಮೋದರ ಧರ್ಮಾನಂದ ಕೊಸಾಂಬಿ 1940ರ ಸುಮಾರಿಗೆ ತಕ್ಷಶಿಲೆಯ ನಾಣ್ಯಗಳ ತೂಕವನ್ನು ಸಂಖ್ಯಾಶಾಸ್ತ್ರದಿಂದ ಪರೀಕ್ಷಿಸಿದರು. ಚಲಾವಣೆಯಲ್ಲಿ ಕೈಯಿಂದ ಕೈಗೆ ಹೋದಷ್ಟೂ ಬೆಳ್ಳಿ ಸವೆಯುತ್ತದೆ. ಹಿಂಬದಿಯಲ್ಲಿ ಪರೀಕ್ಷಕರು ಒತ್ತಿದ ಗುರುತುಗಳು ಹೆಚ್ಚಿದಂತೆ ಸರಾಸರಿ ತೂಕ ಇಳಿಯುತ್ತದೆ ಎಂದು ತೋರಿಸಿದರು. ಒಂದು ನಾಣ್ಯ ತೂಗಿ ಈ ಮಾತು ಹೇಳಲಾಗದು. ಸರಾಸರಿಗೆ ಗುಂಪು ಬೇಕು. ಅದೂ ಆರಿಸದ ಗುಂಪು.

ಸಂಗ್ರಾಹಕ: ಒಪ್ಪಿದೆ. ಆದರೆ ಸಂಗ್ರಾಹಕರು ಕೊಳ್ಳದಿದ್ದರೆ ಎಷ್ಟೋ ನಾಣ್ಯಗಳು ಅಕ್ಕಸಾಲಿಗರ ಮೂಸೆಯಲ್ಲಿ ಕರಗಿಹೋಗುತ್ತಿದ್ದವಲ್ಲ?

ಮಾಸ್ತರರು: ಆ ಮಾತು ನಿಜ; ಅದನ್ನು ತಳ್ಳಿಹಾಕುವುದು ಅನ್ಯಾಯ. ಆದರೆ ಕರಗದೆ ಉಳಿದರೆ ಸಾಲದು, ಊರಿನ ಹೆಸರೂ ಉಳಿಯಬೇಕು.

ಸಂಗ್ರಾಹಕ: ನಿಧಿ ಒಟ್ಟಾಗಿ ಉಳಿದರೆ ಇನ್ನೇನು ತಿಳಿಯುತ್ತದೆ?

ಮಾಸ್ತರರು: 1906ರಲ್ಲಿ ನಾಸಿಕದ ಬಳಿಯ ಜೋಗಲ್‌ಟೆಂಭಿಯಲ್ಲಿ ಕ್ಷತ್ರಪ ನಹಪಾನನ ಬೆಳ್ಳಿ ನಾಣ್ಯಗಳು ಸಿಕ್ಕವು, 13,000ಕ್ಕೂ ಹೆಚ್ಚು. ಅವುಗಳಲ್ಲಿ 9,000ಕ್ಕೂ ಹೆಚ್ಚಿನವುಗಳ ಮೇಲೆ ಸಾತವಾಹನ ಅರಸ ಗೌತಮೀಪುತ್ರ ಸಾತಕರ್ಣಿ ತನ್ನ ಮುದ್ರೆ ಒತ್ತಿಸಿದ್ದ. ಆತ ನಹಪಾನನ ವಂಶವಾದ ಕ್ಷಹರಾತರನ್ನು ಗೆದ್ದನೆಂದು ನಾಸಿಕದ ಶಾಸನ ಹೇಳುತ್ತದೆ. ಗೆದ್ದ ಅರಸ ಸೋತವನ ಹಣವನ್ನು ಕರಗಿಸದೆ ಮರುಮುದ್ರಿಸಿ ಚಲಾವಣೆಗೆ ಬಿಟ್ಟನೆಂದು ಈ ನಿಧಿ ಹೇಳುತ್ತದೆ. ಸುಮಾರು ಮೂರರಲ್ಲಿ ಎರಡು ಪಾಲು ಮರುಮುದ್ರಿತ ಎಂಬ ಲೆಕ್ಕ ಸಿಕ್ಕಿದ್ದು ನಿಧಿಯನ್ನು ಒಟ್ಟಾಗಿ ಎಣಿಸಿದ್ದರಿಂದ. ಬಿಡಿಬಿಡಿಯಾಗಿ ಮಾರಿದ್ದರೆ ಏನಾಗುತ್ತಿತ್ತು? ನಹಪಾನನ ಮುಖ ಚೊಕ್ಕವಾಗಿದ್ದವು ಹೆಚ್ಚಿನ ಬೆಲೆಗೆ ಹೋಗುತ್ತಿದ್ದವು. ಮುಖದ ಮೇಲೆ ಮುದ್ರೆ ಬಿದ್ದು ಕೆಟ್ಟಂತೆ ಕಾಣುವವು ಮೂಲೆ ಸೇರುತ್ತಿದ್ದವು. ಕೊಳ್ಳುವವರ ಅಭಿರುಚಿಯೇ ಇತಿಹಾಸದ ಪ್ರಮಾಣವನ್ನು ತಿರುಚುತ್ತಿತ್ತು.

ಸಂಗ್ರಾಹಕ: ಹಾಗಾದರೆ ಕೊಳ್ಳಲೇಬಾರದೇ?

ಮಾಸ್ತರರು: ಹಾಗೆ ಹೇಳಲಾರೆ. ಊರು ಹೇಳದವರಿಂದ ಕೊಳ್ಳಬೇಡ. ಕೊಂಡ ಪ್ರತಿಯೊಂದರ ತೂಕ, ಎರಡೂ ಬದಿಯ ಚಿತ್ರ, ಮಾರಿದವರು, ತಾರೀಖು ಬರೆದಿಡು. ನೆಲದಲ್ಲಿ ನಿಧಿ ಸಿಕ್ಕ ಸುದ್ದಿ ಕಿವಿಗೆ ಬಿದ್ದರೆ ಒಂದೂ ನಾಣ್ಯ ಆರಿಸದೆ ಜಿಲ್ಲಾಧಿಕಾರಿಗೆ ತಿಳಿಸಲು ಹೇಳು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಕಂಡವರು ತಿಳಿಸಲೇಬೇಕೆಂದು 1878ರ ಕಾಯಿದೆ ಹೇಳುತ್ತದೆ.