ಬೆಳ್ಳಿ ರೂಪಾಯಿ ಮತ್ತು ಅಚೌರ್ಯವ್ರತ

ಹಳೆಯ ಬೆಳ್ಳಿ ರೂಪಾಯಿಗೆ ಎರಡು ಬೆಲೆಗಳಿವೆ: ಒಂದು ತೂಕದ ಬೆಲೆ, ಇನ್ನೊಂದು ನಾಣ್ಯದ ಬೆಲೆ. ಈಸ್ಟ್ ಇಂಡಿಯಾ ಕಂಪನಿ 1835ರ ಕಾಯ್ದೆಯ ಮೂಲಕ ತನ್ನ ಆಡಳಿತಕ್ಕೆಲ್ಲ ಒಂದೇ ಬಗೆಯ ರೂಪಾಯಿಯನ್ನು ಜಾರಿಗೆ ತಂದಿತು. ಅದರ ತೂಕ 180 ಗ್ರೇನ್, ಅಂದರೆ ಒಂದು ತೊಲ, ಇಂದಿನ ಲೆಕ್ಕದಲ್ಲಿ ಸುಮಾರು 11.66 ಗ್ರಾಂ. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ವಿಕ್ಟೋರಿಯಾ ರಾಣಿ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್ ಇವರ ಕಾಲದಲ್ಲೂ ಈ ಅಳತೆ ಬದಲಾಗಲಿಲ್ಲ. 1940ರಲ್ಲಿ ಯುದ್ಧದ ಒತ್ತಡದಿಂದ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ಬರೀ ನಿಕ್ಕಲ್. ಹೀಗಾಗಿ ತೂಕದ ಬೆಲೆ ಕಟ್ಟಲು ತಕ್ಕಡಿ ಮತ್ತು ಆ ದಿನದ ಬೆಳ್ಳಿ ದರ ಸಾಕು. ಸವೆಯದ ರಾಣಿ ರೂಪಾಯಿಯಲ್ಲಿ ಸುಮಾರು 10.69 ಗ್ರಾಂ ಅಪ್ಪಟ ಬೆಳ್ಳಿ ಇರುತ್ತದೆ.

ನಾಣ್ಯದ ಬೆಲೆ ಅಷ್ಟು ಸರಳವಲ್ಲ. ಅದಕ್ಕೆ ಇಸವಿ, ಟಂಕಸಾಲೆ, ಅಚ್ಚಿನ ಬಗೆ, ಸವಕಳಿ ಎಲ್ಲವೂ ಬೇಕು. 1911ರ ರೂಪಾಯಿಯಲ್ಲಿ ಐದನೆಯ ಜಾರ್ಜನ ನಿಲುವಂಗಿಯ ಮೇಲಿದ್ದ ಆನೆ ಹಂದಿಯಂತೆ ಕಾಣುತ್ತದೆ ಎಂಬ ಆಕ್ಷೇಪ ಎದ್ದಿತು. ಸರ್ಕಾರ ಆ ನಾಣ್ಯಗಳನ್ನು ತಡೆಹಿಡಿದು ಬಹುಪಾಲನ್ನು ಕರಗಿಸಿತು. ಉಳಿದವು ತಿದ್ದಿದ ಆನೆಯಿರುವ 1912ರ ರೂಪಾಯಿಗಿಂತ ಬಹಳ ಹೆಚ್ಚಿನ ಬೆಲೆಗೆ ಹೋಗುತ್ತವೆ. ಎರಡರಲ್ಲೂ ಬೆಳ್ಳಿ ಅಷ್ಟೇ.

ಈ ಎರಡು ಬೆಲೆಗಳಲ್ಲಿ ನಿಜವಾದದ್ದು ಯಾವುದು ಎಂಬ ಪ್ರಶ್ನೆಗೆ ಜೈನ ದರ್ಶನದಲ್ಲಿ ಚೊಕ್ಕವಾದ ಉತ್ತರವಿದೆ. ಹಳಗನ್ನಡದ ಜೈನ ಕವಿಗಳು ಕಾವ್ಯದ ಮೊದಲಿಗೆ ನೆನೆಯುವ ಆಚಾರ್ಯ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಒಂದು ದೃಷ್ಟಾಂತ ಕೊಡುತ್ತಾರೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಾದವನು ಮರುಗುತ್ತಾನೆ, ಕಿರೀಟ ಬೇಕಾದವನು ಹಿಗ್ಗುತ್ತಾನೆ, ಚಿನ್ನವಷ್ಟೇ ಬೇಕಾದವನು ಸುಮ್ಮನಿರುತ್ತಾನೆ. ಮೂವರ ಭಾವಕ್ಕೂ ತಕ್ಕ ಕಾರಣವಿದೆ. ಒಂದೇ ಗಳಿಗೆಯಲ್ಲಿ ಒಂದು ಪರ್ಯಾಯ, ಅಂದರೆ ವಸ್ತು ತಳೆದಿದ್ದ ರೂಪ, ಅಳಿದಿದೆ, ಇನ್ನೊಂದು ಹುಟ್ಟಿದೆ, ಮೂಲವಸ್ತುವಾದ ದ್ರವ್ಯ ಹಾಗೆಯೇ ನಿಂತಿದೆ. ರಾಣಿ ರೂಪಾಯಿ ಮೂಸೆಗೆ ಬಿದ್ದು ಕಾಲುಗೆಜ್ಜೆಯಾಗುವಾಗ ಸಂಗ್ರಾಹಕ, ಗೆಜ್ಜೆ ಕೊಳ್ಳುವವರು, ಬೆಳ್ಳಿ ವ್ಯಾಪಾರಿ ಈ ಮೂವರ ಜಾಗದಲ್ಲಿ ನಿಲ್ಲುತ್ತಾರೆ. ತೂಕ ನೋಡುವವನದು ದ್ರವ್ಯಾರ್ಥಿಕ ನಯ (ನೋಡುವ ನೆಲೆ), ಇಸವಿ ನೋಡುವವನದು ಪರ್ಯಾಯಾರ್ಥಿಕ ನಯ. ತನ್ನ ನಯವೊಂದೇ ಸತ್ಯ ಎನ್ನದಿರುವವರೆಗೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತೊಡಕಿರುವುದು ಎರಡು ನಯಗಳನ್ನೂ ಜೇಬಿನಲ್ಲಿಟ್ಟುಕೊಂಡು ತಿರುಗುವವರಲ್ಲಿ: ಕೊಳ್ಳುವಾಗ ತೂಕದ ಮಾತು, ಮಾರುವಾಗ ಇತಿಹಾಸದ ಮಾತು.

ಹಳೆಯ ನಾಣ್ಯವನ್ನು ತೊಳೆಯಬೇಕೆ ಎಂಬ ಪ್ರಶ್ನೆಗೂ ಈ ದ್ರವ್ಯ-ಪರ್ಯಾಯ ವಿಚಾರ ಹೊಂದುತ್ತದೆ. ಗಾಳಿಯಲ್ಲಿರುವ ಗಂಧಕದ ಅನಿಲಗಳು ತಗುಲಿ ಬೆಳ್ಳಿಯ ಮೈಮೇಲೆ ಸಿಲ್ವರ್ ಸಲ್ಫೈಡಿನ ಪೊರೆ ಕಟ್ಟುತ್ತದೆ. ಪೊರೆ ತೆಳ್ಳಗಿರುವಾಗ ನಸುಹಳದಿ, ಆಮೇಲೆ ನೇರಳೆ, ನೀಲಿ, ದಪ್ಪವಾದಂತೆ ಕಪ್ಪು. ಮನೆಗಳಲ್ಲಿ ಇದನ್ನು ಕೊಳೆ ಎಂದೇ ತಿಳಿದು ಹುಣಸೆಹುಳಿ, ವಿಭೂತಿ, ಹಲ್ಲುಪುಡಿ ಹಾಕಿ ತಿಕ್ಕುವುದು ರೂಢಿ. ವರಮಹಾಲಕ್ಷ್ಮಿ ಹಬ್ಬಕ್ಕೋ ದೀಪಾವಳಿಯ ಲಕ್ಷ್ಮೀಪೂಜೆಗೋ ವರ್ಷಕ್ಕೊಮ್ಮೆ ಹೊರಬರುವ ರೂಪಾಯಿಗಳಲ್ಲಿ ರಾಣಿಯ ಕೂದಲೆಳೆ, ಕಿರೀಟದ ಅಂಚು ನುಣುಪಾಗಿರುವುದಕ್ಕೆ ಈ ಭಕ್ತಿಯೂ ಒಂದು ಕಾರಣ. ಪುಡಿಯಿಂದ ತಿಕ್ಕಿದರೆ ಕೂದಲಿನಷ್ಟು ಸಣ್ಣ ಗೀರುಗಳು ಬೀಳುತ್ತವೆ. ಅಂಗಡಿಯಲ್ಲಿ ಸಿಗುವ ಆಮ್ಲದ ದ್ರವದಲ್ಲಿ ಅದ್ದಿದರೆ ಕಪ್ಪಿನೊಡನೆ ಬೆಳ್ಳಿಯ ತೆಳುಪದರವೂ ಹೋಗುತ್ತದೆ. ಅಚ್ಚಿನ ಹೊಡೆತಕ್ಕೆ ಲೋಹ ಹರಿದು ಮೂಡಿದ ಸೂಕ್ಷ್ಮ ಗೆರೆಗಳೇ ಹೊಸ ನಾಣ್ಯದ ಹೊಳಪಿಗೆ ಮೂಲ. ಅವು ಅಳಿಸಿದರೆ ನಾಣ್ಯ ಬೆಳ್ಳಗಿರುತ್ತದೆ, ಆದರೆ ಸತ್ತಂತೆ ಕಾಣುತ್ತದೆ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡ, ಬಿಸಿನೀರು ಸೇರಿಸುವ ವಿಧಾನ ಸಲ್ಫೈಡನ್ನು ಮತ್ತೆ ಬೆಳ್ಳಿಯಾಗಿಸುತ್ತದೆ, ನಿಜ. ಹಾಗೆ ಮರಳಿದ ಬೆಳ್ಳಿ ಮೊದಲಿನ ಮೈಯಾಗಿ ಕೂರುವುದಿಲ್ಲ, ಮಂಕಾಗಿಯೇ ಉಳಿಯುತ್ತದೆ.

ಕಪ್ಪನ್ನು ತೆಗೆದವನು ಹಳೆಯ ಪರ್ಯಾಯವನ್ನು ಮರಳಿ ಪಡೆದೆನೆಂದು ಭಾವಿಸುತ್ತಾನೆ. ಅವನ ಕೈಗೆ ಬರುವುದು ಮೂರನೆಯ ಪರ್ಯಾಯ: ಟಂಕಸಾಲೆಯಿಂದ ಬಂದಾಗಿನದೂ ಅಲ್ಲ, ನೂರು ವರ್ಷ ಪೆಟ್ಟಿಗೆಯಲ್ಲಿದ್ದದ್ದೂ ಅಲ್ಲ. ನಾಣ್ಯಗಳ ದರ್ಜೆ ನಿರ್ಧರಿಸುವ ಎನ್‌ಜಿಸಿ, ಪಿಸಿಜಿಎಸ್‌ನಂಥ ಅಂತರರಾಷ್ಟ್ರೀಯ ಸಂಸ್ಥೆಗಳು ಉಜ್ಜಿದ ನಾಣ್ಯಕ್ಕೆ ದರ್ಜೆಯ ಅಂಕ ಕೊಡದೆ, ಉಜ್ಜಿದ್ದೆಂದು ಗುರುತಿಸಿ ಹಿಂದಿರುಗಿಸುವುದೂ ಇದೇ ಕಾರಣಕ್ಕೆ. ಮಣ್ಣು, ಜಿಡ್ಡು ಮಾತ್ರ ಹೋಗಬೇಕೆಂದರೆ ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕುವುದು, ಅಸಿಟೋನಿನಲ್ಲಿ ಅದ್ದುವುದು, ತಿಕ್ಕದೆ ಹತ್ತಿಬಟ್ಟೆಯಲ್ಲಿ ಒತ್ತಿ ಒಣಗಿಸುವುದು, ಇಷ್ಟೇ ಸಾಕು. ಇವು ಲೋಹವನ್ನು ಮುಟ್ಟುವುದಿಲ್ಲ.

ಹಾಗಾದರೆ ಉಜ್ಜುವುದು ದೋಷವೇ? ಪೂಜೆಯ ರೂಪಾಯಿಯನ್ನು ತಿಕ್ಕುವ ಮನೆಯಾಕೆಗೆ ಯಾವ ದೋಷವೂ ಇಲ್ಲ. ಆಕೆಯ ಪಾಲಿಗೆ ಅದು ಲಕ್ಷ್ಮಿ, ಮಾರುವ ಸರಕಲ್ಲ. ದೋಷದ ಮಾತು ಹುಟ್ಟುವುದು ನಾಣ್ಯ ಕೈಬದಲಾಗುವಾಗ. ಉಮಾಸ್ವಾಮಿಯ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯ ಗೃಹಸ್ಥನ ಅಚೌರ್ಯವ್ರತಕ್ಕೆ, ಅಂದರೆ ಕದಿಯದಿರುವ ವ್ರತಕ್ಕೆ, ಕುಂದು ತರುವ ಐದು ಅತಿಚಾರಗಳನ್ನು ಹೇಳುತ್ತದೆ: ಕಳ್ಳನನ್ನು ಪ್ರೇರೇಪಿಸುವುದು, ಕದ್ದ ಮಾಲು ಕೊಳ್ಳುವುದು, ವಿರುದ್ಧರಾಜ್ಯಾತಿಕ್ರಮ, ತೂಕ-ಅಳತೆಗಳಲ್ಲಿ ಮೋಸ, ಪ್ರತಿರೂಪಕ ವ್ಯವಹಾರ. ನಾಣ್ಯದ ವ್ಯಾಪಾರವನ್ನು ಕಣ್ಣೆದುರಿಟ್ಟುಕೊಂಡೇ ಬರೆದಂತಿದೆ ಈ ಪಟ್ಟಿ. ತೂಕದ ಮೋಸ ಇಂದು ಬೇಗ ಸಿಕ್ಕಿಬೀಳುತ್ತದೆ. ಕದ್ದ ಮಾಲಿನ ಮಾತು ಅಷ್ಟು ಸಲೀಸಲ್ಲ. ಹೊಲ ಉಳುವಾಗ ಸಿಕ್ಕ ಗಡಿಗೆಯ ನಾಣ್ಯಗಳು ಯಾರ ಮನೆಯಿಂದಲೂ ಕದ್ದವಲ್ಲ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವಾದರೋ ಇಟ್ಟದ್ದನ್ನು, ಬಿದ್ದದ್ದನ್ನು, ಮರೆತದ್ದನ್ನು ತಾನೂ ತೆಗೆದುಕೊಳ್ಳದೆ ಇನ್ನೊಬ್ಬರಿಗೂ ಕೊಡದಿರುವುದೇ ಅಚೌರ್ಯ ಎನ್ನುತ್ತದೆ. ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುವುದು ಈ ನಿಲುವಿಗೆ ಹತ್ತಿರದ್ದು. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ಕಳೆದ ನಾಣ್ಯವನ್ನು ಪುರಾತನ ವಸ್ತುವೆಂದು ಎಣಿಸಿ, ಅದರ ವ್ಯಾಪಾರಕ್ಕೆ ಪರವಾನಗಿ ಕೇಳುತ್ತದೆ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸುತ್ತದೆ. ಎಡ್ವರ್ಡನ ರೂಪಾಯಿಗಳೆಲ್ಲ ಈಗ ಆ ಗೆರೆ ದಾಟಿವೆ.

ಪಟ್ಟಿಯ ವಿರುದ್ಧರಾಜ್ಯಾತಿಕ್ರಮಕ್ಕೆ ‘ತತ್ತ್ವಾರ್ಥಸೂತ್ರ’ದ ವ್ಯಾಖ್ಯಾನವಾದ ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ ಕೊಡುವ ವಿವರಣೆ ಗಮನಿಸತಕ್ಕದ್ದು. ಕೆಟ್ಟ ರಾಜ್ಯಸ್ಥಿತಿಯಲ್ಲಿ ಬೆಲೆಬಾಳುವ ವಸ್ತು ಅಗ್ಗಕ್ಕೆ ಸಿಗುತ್ತದೆಂದು, ನ್ಯಾಯದ ದಾರಿ ಬಿಟ್ಟು ಅದನ್ನು ಪಡೆಯಲು ಹೊರಡುವುದೇ ಆ ಅತಿಚಾರ. ರಾಜ್ಯದ ಜಾಗದಲ್ಲಿ ಸಂಕಟದಲ್ಲಿರುವ ಒಂದು ಮನೆಯನ್ನು ಇಟ್ಟರೂ ಅರ್ಥ ಕೆಡುವುದಿಲ್ಲ. ಹಿರಿಯರು ತೀರಿಕೊಂಡ ಮೇಲೆ, ಆಸ್ಪತ್ರೆಯ ಖರ್ಚಿಗೆ ಪೆಟ್ಟಿಗೆ ತೆರೆದಾಗ ಬರುವ ನಾಣ್ಯಗಳಲ್ಲಿ ಅಪರೂಪದ್ದೊಂದು ಇದ್ದು, ಕೊಳ್ಳುವವನಿಗೆ ಅದು ಗೊತ್ತಿದ್ದರೆ? ಅವನ ತಿಳಿವಳಿಕೆಯೂ ದುಡಿಮೆಯಿಂದ ಬಂದದ್ದು, ಅದಕ್ಕೆ ಫಲ ಬೇಡವೆ ಎಂಬ ವಾದವಿದೆ. ವಾದ ಸುಳ್ಳಲ್ಲ. ಶಾಸ್ತ್ರ ಲಾಭಕ್ಕೆ ಶೇಕಡಾ ಮಿತಿ ಹಾಕಿಲ್ಲ. ವ್ಯಾಪಾರಿಯ ಲಾಭವನ್ನು ಅದು ಕಳವೆಂದು ಕರೆದೂ ಇಲ್ಲ. ಆದರೆ ಬೆಲೆ ಎಷ್ಟಾದೀತು ಎಂದು ಮಾರುವವಳು ಕೇಳಿದಾಗ, ‘ಬರೀ ಬೆಳ್ಳಿಯದು, ತೂಕಕ್ಕೆ ತಕ್ಕಷ್ಟೇ’ ಎಂದು ಗೊತ್ತಿದ್ದೂ ಹೇಳುವ ಬಾಯಿ ತಿಳಿವಳಿಕೆಯ ಫಲವನ್ನು ಕೇಳುತ್ತಿಲ್ಲ.

ಪ್ರತಿರೂಪಕ ವ್ಯವಹಾರವನ್ನು ಪೂಜ್ಯಪಾದರು ಕೃತಕ ಹಿರಣ್ಯಾದಿಗಳಿಂದ ವಂಚಿಸುವ ವ್ಯವಹಾರ ಎನ್ನುತ್ತಾರೆ. ಎರಕ ಹೊಯ್ದ ನಕಲು, ಇಸವಿಯ ಅಂಕೆ ತಿದ್ದಿದ್ದು, ಗಂಧಕ ತಗುಲಿಸಿ ಒಂದೇ ದಿನದಲ್ಲಿ ಬಣ್ಣ ಬರಿಸಿದ್ದು ಎಲ್ಲ ಇಲ್ಲಿಗೆ ಸೇರುತ್ತವೆ. ರಾಮಪಟ್ಟಾಭಿಷೇಕದ ಚಿತ್ರ ಮತ್ತು 1818 ಎಂಬ ಇಸವಿ ಹೊತ್ತು ಕಂಪನಿಯ ಹೆಸರಿನಲ್ಲಿ ತಿರುಗುವ ಬಿಲ್ಲೆಗಳನ್ನು ಕಂಪನಿ ಎಂದೂ ಟಂಕಿಸಿಲ್ಲ. ಅವಕ್ಕೆ ಅಕ್ಕಿ ಸೆಳೆಯುವ ಶಕ್ತಿ ಇದೆಯೆಂದು ನಂಬಿ ಹಣ ಕಳೆದುಕೊಂಡವರು ನಮ್ಮ ನಾಡಿನಲ್ಲೂ ಇದ್ದಾರೆ. ‘ರತ್ನಕರಂಡಕ’ ಇದೇ ಅತಿಚಾರವನ್ನು ಸದೃಶಸನ್ಮಿಶ್ರ, ಅಂದರೆ ಒಂದರಂತೆ ಕಾಣುವುದನ್ನು ಇನ್ನೊಂದರಲ್ಲಿ ಬೆರೆಸುವುದು, ಎಂದು ಕರೆಯುತ್ತದೆ. ಅರ್ಧ ಬೆಳ್ಳಿಯ ಆರನೆಯ ಜಾರ್ಜನ ರೂಪಾಯಿಗಳನ್ನು ಹಳೆಯವುಗಳ ನಡುವೆ ಸೇರಿಸಿ ಒಟ್ಟು ತೂಕಕ್ಕೆ ಮಾರುವುದಕ್ಕೆ ಇದಕ್ಕಿಂತ ನೇರವಾದ ಹೆಸರು ಸಿಗದು. ಉಜ್ಜಿದ ನಾಣ್ಯವನ್ನು ಚಲಾವಣೆಯಾಗದ ನಾಣ್ಯವೆಂದು ಮಾರುವುದೂ ಇದೇ ಸಾಲಿನದು, ಒಳಗಿನ ಬೆಳ್ಳಿ ಎಷ್ಟೇ ಅಪ್ಪಟವಾಗಿರಲಿ. ಉಜ್ಜಿದ್ದು, ಸರಕ್ಕೆ ಕೊಂಡಿ ಬೆಸೆದು ಬಿಡಿಸಿದ್ದು ಎಂದು ಲಕೋಟೆಯ ಮೇಲೆ ಬರೆದರೆ ಆ ಅತಿಚಾರ ಅಲ್ಲಿಗೆ ತಪ್ಪುತ್ತದೆ.

ಉಳಿದದ್ದು ಸಂಗ್ರಹದ ಪ್ರಶ್ನೆ. ಉಮಾಸ್ವಾಮಿ ಪರಿಗ್ರಹವನ್ನು ವಸ್ತುವಿನಲ್ಲಿ ಇಡದೆ ವಸ್ತುವಿನ ಮೇಲಿನ ಮೂರ್ಛೆಯಲ್ಲಿ, ಅಂದರೆ ಮೋಹದಲ್ಲಿ, ಇಡುತ್ತಾರೆ. ಮುನಿಗೆ ಏನೂ ಇರಕೂಡದು; ಗೃಹಸ್ಥ ತನ್ನ ಬೆಳ್ಳಿ-ಬಂಗಾರ, ಹೊಲ-ಮನೆಗಳಿಗೆ ಮೊದಲೇ ಪರಿಮಾಣ, ಅಂದರೆ ಮಿತಿ, ಗೊತ್ತುಮಾಡಿಕೊಳ್ಳುವ ವ್ರತ ತೊಡಬೇಕು. ಸಂಗ್ರಾಹಕನಿಗೆ ಕ್ಯಾಟಲಾಗೇ ಮಿತಿ ಎನಿಸುವುದುಂಟು, ಆದರೆ ಅದು ಮಿತಿಯಲ್ಲ: ಕಲ್ಕತ್ತೆಯ ಟಂಕಸಾಲೆಯ ಇಸವಿಗಳು ಮುಗಿದರೆ ಮುಂಬಯಿಯವು, ಅವು ಮುಗಿದರೆ ಅಚ್ಚಿನ ಬಗೆಗಳು. ಇಂತಿಷ್ಟೇ ನಾಣ್ಯಗಳೆಂದು ಪರಿಮಾಣ ಹಾಕಿಕೊಂಡವನು ಸವೆದದ್ದನ್ನು ಮಾರಿ ಅದರ ಜಾಗಕ್ಕೆ ಒಳ್ಳೆಯ ಪ್ರತಿ ತಂದರೆ ವ್ರತ ಕೆಡುವುದಿಲ್ಲ. ಪರಿಮಾಣವನ್ನೇ ಹಾಕಿಕೊಳ್ಳದವನು, ಅವನ ಬಳಿ ಒಂದೇ ರೂಪಾಯಿ ಇದ್ದರೂ, ಈ ವ್ರತದ ಲೆಕ್ಕಕ್ಕೆ ಬರುವುದಿಲ್ಲ.