ಇಂದಿನ ಧಮ್ಮ ಚಿಂತನೆ: ಹಣೆಬರಹವಲ್ಲ, ಕಾರಣ



ಅಮೆರಿಕದ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು ಇಲಿಗಳ ಒಂದೇ ಒಂದು ಜೀನ್ ಕೆಲಸ ಮಾಡದಂತೆ ಮಾಡಿ, ಫಲಿತಾಂಶವನ್ನು 2000ರಲ್ಲಿ ಪ್ರಕಟಿಸಿದರು. ಒತ್ತಡದ ಹಾರ್ಮೋನಿನ ಸಂದೇಶ ಹಿಡಿಯುವ ಒಂದು ಗ್ರಾಹಕ ಆ ಇಲಿಗಳಲ್ಲಿ ಇರಲಿಲ್ಲ. ಬೇರೆ ಇಲಿಗಳು ತಡೆದುಕೊಂಡ ಒತ್ತಡಕ್ಕೇ ಇವುಗಳ ದೇಹ ಅತಿಯಾಗಿ ಸ್ಪಂದಿಸಿತು, ಅಂಜಿಕೆಯೂ ಹೆಚ್ಚಿತು.

ಇವು ಹಿಂದಿನ ಜನ್ಮದಲ್ಲಿ ಯಾವ ಪಾಪ ಮಾಡಿದ್ದವು? ಯಾವುದೂ ಇಲ್ಲ. ಕಾರಣವಿತ್ತು, ಪರಿಣಾಮವಾಯಿತು. ಭಗವಾನ್ ಬುದ್ಧರು ಹೇಳಿದ ಪಟಿಚ್ಚ ಸಮುಪ್ಪಾದ ಇದೇ. ಪೂರ್ವಜನ್ಮದ ಕರ್ಮದ ವಾದವನ್ನು ಬಾಬಾಸಾಹೇಬರು ಒಪ್ಪಲಿಲ್ಲ.

ಮನೆಯಲ್ಲಿ ಯಾರಾದರೂ ಸಣ್ಣ ಮಾತಿಗೂ ನಡುಗಿದರೆ "ಪುಕ್ಕಲು", "ಹಣೆಬರಹ" ಎನ್ನದಿರಿ. ಪಕ್ಕದಲ್ಲಿ ಕೂತು ಕಾರಣ ಕೇಳಿ, ಬೇಕಾದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಈ ಅರಿವಿಗಾಗಿ ನೋವುಂಡ ಮೂಕಜೀವಿಗಳಿಗೂ ನಮ್ಮ ಮೈತ್ರಿ ಇರಲಿ.

ಭವತು ಸಬ್ಬ ಮಂಗಲಂ.