ಕೂಳೆ ಹೊಲದಲ್ಲಿ ಹಸು

ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಜನ ಸುಮಾರು 20 ಲಕ್ಷ, ದನ ಅದರ ಮೂರು ಪಟ್ಟು. ಬೇಸಿಗೆಯಲ್ಲಿ ಇವುಗಳಿಗೆ ಹುಲ್ಲುಗಾವಲಿನ ಕೊರತೆಯಿಲ್ಲ. ರಾಜ್ಯದ ಉತ್ತರಕ್ಕೆ ಸ್ಯಾಂಡ್‌ಹಿಲ್ಸ್ ಎಂಬ ಮರಳುದಿಬ್ಬಗಳ ಸೀಮೆಯಿದೆ, ದಿಬ್ಬ ದಿಬ್ಬವೂ ಹುಲ್ಲೇ. ಕಷ್ಟ ಶುರುವಾಗುವುದು ನವೆಂಬರ್‌ನಿಂದ. ಹುಲ್ಲು ಒಣಗಿ ನಿಸ್ಸಾರವಾಗುತ್ತದೆ, ಹಿಮ ಬೀಳುತ್ತದೆ, ಕೂಡಿಟ್ಟ ಮೇವು ನೋಡನೋಡುತ್ತ ಕರಗುತ್ತದೆ. ಮಾಂಸಕ್ಕಾಗಿ ದನ ಸಾಕುವ ಅಲ್ಲಿನ ರೈತ ಮಾರುವುದು ಕರುಗಳನ್ನು. ತಾಯಿ ಹಸುವನ್ನು ವರ್ಷಾನುಗಟ್ಟಲೆ ಉಳಿಸಿಕೊಳ್ಳಬೇಕು. ವಸಂತದಲ್ಲಿ ಈಯಬೇಕಾದ ಆ ಗಬ್ಬದ ಹಸುವನ್ನು ಚಳಿಗಾಲ ದಾಟಿಸುವುದೇ ಅವನ ವರ್ಷದ ದೊಡ್ಡ ಖರ್ಚು.

ಅದೇ ಹೊತ್ತಿಗೆ ಸರಿಯಾಗಿ ಮೆಕ್ಕೆಜೋಳದ ಕಟಾವು ಮುಗಿದಿರುತ್ತದೆ. ಯಂತ್ರ ಕಾಳನ್ನು ಮಾತ್ರ ಒಯ್ದು ದಂಟು, ಗರಿ, ತೆನೆಯ ಸಿಪ್ಪೆ, ದಿಂಡು ಎಲ್ಲವನ್ನೂ ಹೊಲದಲ್ಲೇ ಚೆಲ್ಲಿ ಹೋಗುತ್ತದೆ. ರೈತರು ನೆಲ ಹೆಪ್ಪುಗಟ್ಟುವ ಮೊದಲೇ ಗೂಟ ನೆಟ್ಟು, ಸುತ್ತ ಒಂದೆಳೆ ವಿದ್ಯುತ್ ತಂತಿ ಎಳೆದು, ನೀರಿನ ತೊಟ್ಟಿ ತಂದಿಟ್ಟು ಹಸುಗಳನ್ನು ಒಳಕ್ಕೆ ಬಿಡುತ್ತಾರೆ. ಕೊಟ್ಟಿಗೆ ಬೇಕಿಲ್ಲ, ಮೇವು ಹೊರುವವರೂ ಬೇಕಿಲ್ಲ.

ಒಳಗೆ ಬಂದ ಹಸು ಏನು ಮಾಡುತ್ತದೆ ಎಂಬುದನ್ನು ನಿಂತು ನೋಡಬೇಕು. ಮೊದಲು ಹುಡುಕುವುದು ಯಂತ್ರದ ಕೈ ತಪ್ಪಿ ಬಿದ್ದ ತೆನೆಗಳನ್ನು. ಅವು ಮುಗಿದ ಮೇಲೆ ಮೂತಿಯಿಂದ ತೆಳು ಹಿಮವನ್ನು ಸರಿಸಿ, ಸುರುಳಿ ಸುತ್ತಿದ ಸಿಪ್ಪೆಯನ್ನು ನಾಲಿಗೆಗೆ ಸಿಕ್ಕಿಸಿಕೊಳ್ಳುತ್ತದೆ. ಆಮೇಲೆ ಗರಿ. ಪಕ್ಕದಲ್ಲೇ ಬಿದ್ದಿರುವ ದಂಟನ್ನೂ ದಿಂಡನ್ನೂ ಕೊನೆಯವರೆಗೆ ಮುಟ್ಟುವುದಿಲ್ಲ. ಈ ಆಯ್ಕೆ ಬರೀ ರುಚಿಯದಲ್ಲ. ಸಿಪ್ಪೆ ಹಸುವಿನ ಹೊಟ್ಟೆಯಲ್ಲಿ ಚೆನ್ನಾಗಿ ಕರಗುತ್ತದೆ, ಗರಿ ಅದಕ್ಕಿಂತ ಕಡಿಮೆ, ದಂಟು ತೀರಾ ಕಡಿಮೆ. ಮೇವಿನ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಅಳೆದು ಹೇಳುವ ಕ್ರಮವನ್ನೇ ಹಸು ಮೂಗಿನಿಂದ ಕಂಡುಕೊಂಡಿದೆ. ಇದರಿಂದಾಗಿ ಹೊಲದ ಊಟ ಮೊದಲ ದಿನ ಅತ್ಯುತ್ತಮ, ಅಲ್ಲಿಂದ ದಿನೇ ದಿನೇ ಇಳಿಮುಖ. ಕಾಳು, ಸಿಪ್ಪೆ ಕಾಣದೆ ಬರೀ ದಂಟು ಉಳಿದಾಗ ಮುಂದಿನ ಹೊಲಕ್ಕೆ ಹೊಡೆಯಬೇಕು. ಬೇಲಿಯ ಹೊರಗೆ ನಿಂತು ನೆಲವನ್ನೂ ಹಸುವಿನ ಬೆನ್ನನ್ನೂ ಓದಬಲ್ಲವನೇ ಇಲ್ಲಿ ಗೆಲ್ಲುತ್ತಾನೆ.

ಎಷ್ಟು ದಿನ ಮೇಯಿಸಬಹುದು ಎಂಬುದಕ್ಕೆ ನೆಬ್ರಾಸ್ಕಾ ವಿಶ್ವವಿದ್ಯಾಲಯದವರು ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ. ನಮ್ಮ ಅಳತೆಗೆ ತಂದರೆ, ಎಕರೆಗೆ 45 ಕ್ವಿಂಟಲ್‌ನಷ್ಟು ಮೆಕ್ಕೆಜೋಳ ಕೊಟ್ಟ ಹೊಲದ ಒಂದೊಂದು ಎಕರೆಯೂ ಸುಮಾರು 540 ಕೆ.ಜಿ. ತೂಗುವ ಒಂದು ಹಸುವನ್ನು 50 ದಿನ ಸಾಕುತ್ತದೆ. ಗರಿ, ಸಿಪ್ಪೆಯಲ್ಲಿ ಅರ್ಧವನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಉಳಿದದ್ದನ್ನು ನೆಲಕ್ಕೆ ಬಿಟ್ಟ ಲೆಕ್ಕವಿದು. ಹೀಗೆ ಮೇಯಿಸಿದರೆ ಒಟ್ಟು ಸೊಪ್ಪೆಯಲ್ಲಿ ಹೊರಟುಹೋಗುವುದು ಸುಮಾರು ಶೇ 15. ತಿಂದ ಸಾರಜನಕ, ರಂಜಕಗಳಲ್ಲಿ ಬಹುಪಾಲು ಸಗಣಿ ಗಂಜಲವಾಗಿ ಅಲ್ಲೇ ಬೀಳುತ್ತದೆ. ಸೊಪ್ಪೆಯನ್ನು ಪೆಂಡಿ ಕಟ್ಟಿ ಮಾರುವವನಿಗೆ ಈ ಭಾಗ್ಯವಿಲ್ಲ. ಅವನು ಹೊಲದ ಹೊದಿಕೆಯನ್ನೂ ಸಾರವನ್ನೂ ಒಟ್ಟಿಗೆ ಗಾಡಿಗೇರಿಸುತ್ತಾನೆ.

ದನದ ಗೊರಸು ನೆಲವನ್ನು ಗಟ್ಟಿ ಮಾಡುತ್ತದೆ, ಮುಂದಿನ ಬೆಳೆ ಬಡವಾಗುತ್ತದೆ ಎಂಬ ಅಂಜಿಕೆ ಅಲ್ಲಿಯ ಹೊಲದೊಡೆಯರಿಗೂ ಇತ್ತು, ಈಗಲೂ ಹಲವರಿಗೆ ಇದೆ. ಮೀಡ್ ಎಂಬ ಊರಿನ ಬಳಿ ವಿಶ್ವವಿದ್ಯಾಲಯದ ಸಂಶೋಧನಾ ಕ್ಷೇತ್ರದಲ್ಲಿ ಮೆಕ್ಕೆಜೋಳ, ಸೋಯಾ ಸರದಿ ಬೆಳೆಯುವ ಹೊಲದಲ್ಲಿ 16 ವರ್ಷ ದನ ಮೇಯಿಸಿ ನೋಡಿದರು. ಮೆಕ್ಕೆಜೋಳದ ಇಳುವರಿ ಕುಗ್ಗಲಿಲ್ಲ, ಸೋಯಾ ಇಳುವರಿ ತುಸು ಹೆಚ್ಚೇ ಆಯಿತು. ಒಂದೆರಡು ವರ್ಷದ ಪ್ರಯೋಗ ತೋರಿಸಿ ರೈತರನ್ನು ಒಪ್ಪಿಸಲು ಹೊರಡುವ ಕಾಲದಲ್ಲಿ 16 ವರ್ಷ ಒಂದೇ ಪ್ರಶ್ನೆಯ ಬೆನ್ನು ಬಿದ್ದವರ ಬಗ್ಗೆ ನನಗೆ ಗೌರವವಿದೆ. ನೆಲ ಹೆಪ್ಪುಗಟ್ಟಿದಾಗ ಮೇಯಿಸಿದರೆ ಗೊರಸಿನ ಭಯ ಇನ್ನೂ ಕಡಿಮೆ. ಕೆಸರಿನಲ್ಲಿ ದನ ನಿಲ್ಲಿಸಿದರೆ ಮಾತು ಬೇರೆ.

ಅಪಾಯವೇ ಇಲ್ಲವೆಂದಲ್ಲ. ಗಾಳಿಗೆ ಬೆಳೆ ಮಲಗಿ ತೆನೆ ಹೆಚ್ಚು ಉದುರಿದ ಹೊಲಕ್ಕೆ ಹಸಿದ ಹಸುವನ್ನು ಏಕಾಏಕಿ ಬಿಟ್ಟರೆ ಕಾಳು ಮಿತಿಮೀರಿ ತಿಂದು, ಹೊಟ್ಟೆಯಲ್ಲಿ ಆಮ್ಲ ಏರಿ ಸತ್ತೂ ಹೋಗಬಹುದು. ಹಿಮದ ಮೇಲೆ ಮಂಜುಗಡ್ಡೆಯ ಪದರ ಕಟ್ಟಿದರೆ ಮೇವು ಕಣ್ಣೆದುರೇ ಇದ್ದೂ ಬಾಯಿಗೆ ಸಿಗದು. ದಿನ ತುಂಬುತ್ತ ಬಂದ ಹಸುವಿಗೆ ಸೊಪ್ಪೆಯ ಪ್ರೋಟೀನ್ ಸಾಲದು. ಆ ಕೊರತೆ ತುಂಬಲು ಎಥನಾಲ್ ಕಾರ್ಖಾನೆಗಳಲ್ಲಿ ಮೆಕ್ಕೆಜೋಳದಿಂದ ಉಳಿದ ಹಿಂಡಿಯಂಥ ಪದಾರ್ಥವನ್ನು ಕೊಡುತ್ತಾರೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅಲ್ಲಿಯ ಬಾಡಿಗೆಯ ಪದ್ಧತಿ. ನೆಬ್ರಾಸ್ಕಾದಲ್ಲಿ ದನದ ಒಡೆಯ ಹೊಲದ ಒಡೆಯನಿಗೆ ದುಡ್ಡು ಕೊಡುತ್ತಾನೆ. ನಮ್ಮ ಬಯಲುಸೀಮೆಯಲ್ಲಿ ದುಡ್ಡು ಹರಿಯುವುದು ತಿರುವುಮುರುವಾಗಿ. ಸುಗ್ಗಿ ಮುಗಿದ ಹೊಲಕ್ಕೆ ಕುರಿ ತರುಬಿದರೆ ಹೊಲದವನೇ ಕುರಿಗಾರನಿಗೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಕುರಿಗಳು ಹಗಲು ಕೂಳೆ ಮೇಯುತ್ತವೆ, ರಾತ್ರಿ ಹೊಲದಲ್ಲೇ ಮಲಗುತ್ತವೆ. ಬೆಳಗಾಗುವಷ್ಟರಲ್ಲಿ ಹಿಕ್ಕೆ, ಗಂಜಲ ನೆಲಕ್ಕೆ ಸೇರಿರುತ್ತದೆ. ಅಲ್ಲಿ ಗೊಬ್ಬರ ಕಾರ್ಖಾನೆಯಿಂದ ಬರುತ್ತದೆ, ಹಾಗಾಗಿ ಬೆಲೆ ಮೇವಿಗೆ. ಇಲ್ಲಿ ಮೇವಿಗಿಂತ ಗೊಬ್ಬರಕ್ಕೆ ಬೆಲೆ. ಕೊಡು-ಕೊಳ್ಳುವ ವಸ್ತುಗಳು ಒಂದೇ, ಯಾವುದು ವಿರಳವೋ ಅದರತ್ತ ತಕ್ಕಡಿ ವಾಲುತ್ತದೆ. ನನಗೆ ನಮ್ಮ ಪದ್ಧತಿಯೇ ಹೆಚ್ಚು ಒಪ್ಪಿತ, ನೆಲದ ಹಸಿವನ್ನೂ ಲೆಕ್ಕಕ್ಕೆ ಹಿಡಿದದ್ದು ಅದು.

ಆದರೆ ಈ ಪದ್ಧತಿ ನಮ್ಮಲ್ಲಿ ಸೊರಗುತ್ತಿದೆ. ನೀರಾವರಿ ಬಂದ ಕಡೆ ಒಂದು ಬೆಳೆ ತೆಗೆದ ಮರುವಾರವೇ ಇನ್ನೊಂದಕ್ಕೆ ಹೊಲ ಹದ ಮಾಡುತ್ತಾರೆ, ಕುರಿ ತರುಬಲು ಬಿಡುವೇ ಇಲ್ಲ. ಕಬ್ಬಿನ ಸೀಮೆಯಲ್ಲಿ ರವದಿಗೆ ಬೆಂಕಿ ಇಡುವುದು ಮಾಮೂಲಾಗಿದೆ. ಹಾವೇರಿ, ದಾವಣಗೆರೆ ಕಡೆ ಮೆಕ್ಕೆಜೋಳ ಮುರಿದ ಮೇಲೆ ಎಕರೆಗಟ್ಟಲೆ ದಂಟು ನಿಂತಿರುತ್ತದೆ. ಅದಕ್ಕೂ ಕಡ್ಡಿ ಗೀರುವವರಿದ್ದಾರೆ. ಅತ್ತ ಕುರಿಗಾರರು ಕುರಿ ಹೊಡೆದುಕೊಂಡು ಬೀಡಿನಿಂದ ಬೀಡಿಗೆ ಅಲೆಯುತ್ತಾರೆ. ಯಾವ ಊರಲ್ಲಿ ಹೊಲ ಖಾಲಿಯಿದೆ ಎಂಬುದು ಅವರಿಗೆ ತಿಳಿಯುವುದು ಬಾಯಿಂದ ಬಾಯಿಗೆ ಬಂದ ಸುದ್ದಿಯಿಂದ, ಹಳೆಯ ಪರಿಚಯದಿಂದ.

ಹೊಲದವನನ್ನೂ ದನದವನನ್ನೂ ಕೂಡಿಸಲೆಂದೇ ನೆಬ್ರಾಸ್ಕಾ ವಿಶ್ವವಿದ್ಯಾಲಯ 2017ರಲ್ಲಿ ಒಂದು ಜಾಲತಾಣ ತೆರೆಯಿತು. ಮೇಯಿಸಲು ಹೊಲವಿದ್ದವನು ಅದನ್ನು ನಕ್ಷೆಯ ಮೇಲೆ ಗುರುತು ಮಾಡಿ, ಬೇಲಿ, ನೀರಿನ ವಿವರ ಕೊಡುತ್ತಾನೆ. ದನ ಇದ್ದವನು ಹುಡುಕಿಕೊಂಡು ಮಾತಾಡುತ್ತಾನೆ. ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳೂ ಬೀದರಿನ ಪಶು ವಿಶ್ವವಿದ್ಯಾಲಯವೂ ಸೇರಿ ಇಂಥದ್ದನ್ನು ಕನ್ನಡದಲ್ಲಿ ಮಾಡಬಹುದು. ಓದಲು ಬಾರದವರಿಗೆ ಫೋನ್ ಕರೆಯಲ್ಲೇ ಉತ್ತರ ಸಿಗುವಂತಿರಲಿ. ಯಾವ ಹೊಲಕ್ಕೆ ಕೀಟನಾಶಕ ಹೊಡೆದು ಎಷ್ಟು ದಿನವಾಯಿತು, ಹತ್ತಿರದಲ್ಲಿ ನೀರೆಲ್ಲಿದೆ, ರಾತ್ರಿಯೊಂದಕ್ಕೆ ಏನು ಕೊಡುತ್ತಾರೆ, ಇಷ್ಟು ತಿಳಿದರೆ ಕುರಿಗಾರನಿಗೆ ಸಾಕು. ಮುಂದಿನ ಸುಗ್ಗಿಗೆ ಮೊದಲು ಒಂದೇ ತಾಲ್ಲೂಕಿನಲ್ಲಿ ಇದನ್ನು ಶುರು ಮಾಡಿ ನೋಡಬಹುದು.